ನಳದುರ್ಗದಿಂದ ಕೂಡಲದವರೆಗೆ, ಒಂದು ಮುಕ್ಕಾಲಿಯೊಡನೆ

ಸೊಲ್ಲಾಪುರ ಸೀಮೆಯ ಬೆಳಕು ಛಾಯಾಚಿತ್ರ ತೆಗೆಯುವವರ ಪಾಲಿಗೆ ಅಷ್ಟೇನೂ ಉದಾರಿಯಲ್ಲ. ಬೆಳಗಿನ ಎಂಟು ಗಂಟೆ ದಾಟಿತೆಂದರೆ ಬಿಸಿಲು ನೆತ್ತಿಯ ಕಡೆಗೆ ಏರತೊಡಗುತ್ತದೆ. ಕರಿಕಲ್ಲಿನ ಕೋಟೆಗೋಡೆಗಳ ಉಬ್ಬುತಗ್ಗುಗಳೂ ಗುಡಿಗಳ ಕೆತ್ತನೆಯ ಆಳವೂ ಒಂದೇ ಸಮನಾಗಿ ಸಪ್ಪೆಯಾಗುತ್ತವೆ. ಎರಿ ಹೊಲದ ಕಪ್ಪು ಮತ್ತೂ ಕಪ್ಪಾಗಿ, ಆಕಾಶ ಬಿಳಿಯ ಬಟ್ಟೆಯಂತಾಗಿ, ನಡುವೆ ನಿಂತ ಮನುಷ್ಯನ ಮುಖ ನೆರಳಿನಲ್ಲಿ ಮುಳುಗುತ್ತದೆ. ಈ ನಾಡಿನ ನಿಜವಾದ ಬಣ್ಣವನ್ನು ಕಾಣಬೇಕಾದವರು ಸೂರ್ಯ ಮೂಡುವ ಮೊದಲಿನ ಅರ್ಧ ತಾಸು, ಮುಳುಗಿದ ಮೇಲಿನ ಅರ್ಧ ತಾಸು, ಇಲ್ಲವೆ ಮಳೆಗಾಲದ ಮುಸುಕಿದ ದಿನಗಳನ್ನು ಕಾದುಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಕ್ಯಾಮೆರಾದ ಕಣ್ಣು ಅರ್ಧ ಸೆಕೆಂಡು, ಒಂದು ಸೆಕೆಂಡು, ಕೆಲವೊಮ್ಮೆ ಹತ್ತು ಸೆಕೆಂಡು ತೆರೆದಿರಬೇಕಾಗುತ್ತದೆ. ಮನುಷ್ಯನ ಕೈ ಅಷ್ಟು ಹೊತ್ತು ಅಲುಗದೆ ನಿಲ್ಲಲಾರದು. 50 ಮಿಲಿಮೀಟರಿನ ಲೆನ್ಸನ್ನು ಕೈಯಲ್ಲಿ ಹಿಡಿದರೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ನಿಧಾನಕ್ಕೆ ಹೋಗಬಾರದೆಂಬುದು ಹಳಬರ ಲೆಕ್ಕ.

ಆದ್ದರಿಂದಲೇ ಮುಕ್ಕಾಲಿ ಅಥವಾ ಟ್ರೈಪಾಡ್ ಎಂಬ ಸಾಧನದ ಮಾತು. ಇದನ್ನು ಬರೆಯಲು ಹೊರಟಾಗ ನಮ್ಮ ಮನೆಯ ತರುಣರೇ ಮೊದಲು ನಕ್ಕರು. ಈಗಿನ ಮೊಬೈಲು ಫೋನುಗಳು ಕತ್ತಲೆಯಲ್ಲಿ ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು ಅವನ್ನೆಲ್ಲ ತಾವೇ ಕೂಡಿಸಿ ಬೆಳಕಿನ ಚಿತ್ರವೊಂದನ್ನು ಕೊಡುತ್ತವೆ. ಹೊಸ ಕ್ಯಾಮೆರಾಗಳ ಒಳಗೆ ಚಿತ್ರಫಲಕವೇ ತೇಲುತ್ತ ಕೈಯ ನಡುಕವನ್ನು ನುಂಗಿಕೊಳ್ಳುತ್ತದೆ. ಇನ್ನು ಈ ಮೂರು ಕಾಲಿನ ಭಾರವನ್ನು ಹೊರುವವರು ಯಾರು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕೇವಲ ನೆನಪಿಗಾಗಿ ನಾಲ್ಕು ಚಿತ್ರ ತೆಗೆದುಕೊಂಡು ಬರುವವರು ಮುಕ್ಕಾಲಿಯ ಗೊಡವೆಗೆ ಹೋಗಬೇಕಾದ ಅವಶ್ಯಕತೆಯಿಲ್ಲ. ಆದರೆ ಹರಿಯುವ ನೀರಿನ ಗತಿಯನ್ನು ತೋರಿಸಬೇಕಾದವರಿಗೆ, ಕತ್ತಲೆಯ ಗುಡಿಯೊಳಗಿನ ಶಾಸನದ ಅಕ್ಷರಗಳನ್ನು ಓದುವಂತೆ ಹಿಡಿಯಬೇಕಾದವರಿಗೆ, ಮತ್ತು ಮನೆಮಂದಿಯ ಚಿತ್ರದಲ್ಲಿ ತಾವೂ ಇರಬೇಕೆನ್ನುವವರಿಗೆ ಬೇರೆ ದಾರಿಯಿಲ್ಲ. ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಮೂರೂ ಬೇಕು. ಎರಡನೆಯದು ಮತ್ತು ಮೂರನೆಯದಂತೂ ಬಹಳ ದಿನ ಕಾಯುವ ಸ್ಥಿತಿಯಲ್ಲಿಲ್ಲ.

ನಮ್ಮ ಸೀಮೆಗೆ ಮುಕ್ಕಾಲಿ ಹೊಸ ಅತಿಥಿಯೇನಲ್ಲ. 1855ರಲ್ಲಿ ಮುಂಬಯಿ ಸರಕಾರ ತೋಪುಖಾನೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬಾತನನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ಕಳಿಸಿತು. ಅವನ ತರುವಾಯ ಡಾಕ್ಟರ್ ಪಿಗೌ ಎಂಬ ವೈದ್ಯ ಆ ಕೆಲಸ ಮುಂದುವರಿಸಿದ. ಆಗಿನ ಕ್ಯಾಮೆರಾ ಎಂದರೆ ಕಟ್ಟಿಗೆಯ ದೊಡ್ಡ ಪೆಟ್ಟಿಗೆ. ಕ್ಯಾಲೊಟೈಪ್ ಎಂಬ ವಿಧಾನದಲ್ಲಿ ಮದ್ದು ಸವರಿದ ಕಾಗದದ ಮೇಲೆ ಬಿಂಬ ಮೂಡಲು ನಿಮಿಷಗಟ್ಟಲೆ ಬೇಕು. ಕಟ್ಟಿಗೆಯ ಮೂರು ಕಾಲುಗಳಿಲ್ಲದೆ ಆ ಕೆಲಸ ಸಾಧ್ಯವೇ ಇರಲಿಲ್ಲ. ಈ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಸಂಪುಟಗಳಾಗಿ ಅಚ್ಚಾದವು. ವಿಜಾಪುರದ್ದೊಂದು, ಧಾರವಾಡ ಮತ್ತು ಮೈಸೂರಿನದೊಂದು. ಅವುಗಳಿಗೆ ಇತಿಹಾಸದ ವಿವರಣೆ ಬರೆದವನು ಮೆಡೋಸ್ ಟೇಲರ್. ಸುರಪುರದ ಬಾಲಕ ರಾಜನ ಕಾಲದಲ್ಲಿ ಅಲ್ಲಿಯ ಆಡಳಿತ ನೋಡಿಕೊಂಡು, ಈಗಲೂ ಟೇಲರ ಮಂಜಿಲವೆಂದು ಜನ ಕರೆಯುವ ಬಂಗಲೆಯಲ್ಲಿದ್ದ ಅದೇ ಟೇಲರ್. ಅವನು 1853ರಲ್ಲಿ ಸುರಪುರ ಬಿಟ್ಟು ಬಂದದ್ದು ನಳದುರ್ಗಕ್ಕೆ. ನಮ್ಮ ಸೊಲ್ಲಾಪುರದಿಂದ ಹೈದರಾಬಾದು ದಾರಿಯಲ್ಲಿ ಸುಮಾರು 45 ಕಿಲೋಮೀಟರು ಹೋದರೆ ಸಿಗುವ ನಳದುರ್ಗ.

ಹೀಗಾಗಿ ಮುಕ್ಕಾಲಿಯ ಪರೀಕ್ಷೆಗೂ ನಳದುರ್ಗವನ್ನೇ ಮೊದಲು ಆರಿಸಿಕೊಂಡೆವು. ಕೊಳ್ಳುವ ಮೊದಲು ಇಬ್ಬರು ಸ್ನೇಹಿತರಿಂದ ಎರಡು ಮುಕ್ಕಾಲಿಗಳನ್ನು ಎರವಲು ತಂದಿದ್ದೆವು. ಒಂದು ಅಲ್ಯುಮಿನಿಯಮ್ಮಿನದು, ಪ್ರತಿ ಕಾಲಿಗೆ ನಾಲ್ಕು ಕೊಳವೆ, ಒಂದರೊಳಗೊಂದು ಸರಿದು ಕೂರುವಂಥವು, ತೂಕ ಒಂದೂಮುಕ್ಕಾಲು ಕಿಲೋದ ಹತ್ತಿರ, ಮಡಿಸಿದರೆ ಮೊಳದುದ್ದ. ಇನ್ನೊಂದು ಕಾರ್ಬನ್ ನಾರಿನದು. ಕಾಲಿಗೆ ಐದು ಕೊಳವೆ. ತೂಕ ಒಂದೂಕಾಲು ಕಿಲೋದ ಸುಮಾರು. ಮಡಿಸಿದರೆ ಹೆಗಲ ಚೀಲದೊಳಗೇ ಅಡಗುವಷ್ಟು ಚಿಕ್ಕದು. ಎಸ್.ಟಿ. ಬಸ್ಸಿನಲ್ಲಿ ಕುಳಿತಾಗ ಎರಡನೆಯದು ಸುಮ್ಮನೆ ಚೀಲದಲ್ಲಿ ಮಲಗಿತ್ತು. ಮೊದಲನೆಯದು ಚೀಲದ ಹೊರಗೆ ತಲೆ ಹಾಕಿ, ಹತ್ತುವವರ ಇಳಿಯುವವರ ಮೊಣಕಾಲಿಗೆ ಬಡಿದು, ಕಂಡಕ್ಟರರಿಂದ ಎರಡು ಮಾತನ್ನೂ ಕೇಳಿಸಿತು.

ನಳದುರ್ಗವನ್ನು ಬೋರಿ ನದಿ ಬಳಸಿ ಹರಿಯುತ್ತದೆ. ಮುಂದೆ ಅಕ್ಕಲಕೋಟ ಸೀಮೆಯನ್ನು ದಾಟಿ ಭೀಮೆಯನ್ನು ಸೇರುವ ಇದೇ ಬೋರಿಗೆ ಅಡ್ಡಲಾಗಿ ಎರಡನೆಯ ಇಬ್ರಾಹಿಮ್ ಆದಿಲಶಾಹನ ಕಾಲದಲ್ಲಿ ಕೋಟೆಯೊಳಗೇ ಒಂದು ಕಲ್ಲಿನ ಕಟ್ಟೆ ಕಟ್ಟಿದರು. ಕಟ್ಟೆಯ ಹೊಟ್ಟೆಯಲ್ಲಿ ಪಾಣಿಮಹಲು ಎಂಬ ಕೋಣೆಗಳಿವೆ. ಮಳೆ ಚೆನ್ನಾಗಿ ಆಗಿ ನದಿ ತುಂಬಿ ಬಂದಾಗ ಕಟ್ಟೆಯ ಎರಡು ಕಾಲುವೆಗಳಿಂದ ನೀರು ಧುಮುಕುತ್ತದೆ. ಜನ ಅವನ್ನು ನರ ಮತ್ತು ಮಾದಿ ಎಂದು ಕರೆಯುತ್ತಾರೆ. ಎರಡು ಧಾರೆಗಳ ನಡುವಿನ ಗೋಡೆಯೊಳಗೆ ಕುಳಿತು, ಮೈಗೆ ಹನಿ ಸೋಕದೆ, ಕಿಟಕಿಯಿಂದ ನೀರನ್ನು ನೋಡುವ ಸುಖವನ್ನು ಕಲ್ಪಿಸಿದ ಶಿಲ್ಪಿಯ ರಸಿಕತೆಗೆ ತಲೆದೂಗಬೇಕು. ಪ್ರತಿ ವರ್ಷವೂ ಈ ನೋಟ ಸಿಗುವುದಿಲ್ಲ. ಬರಗಾಲದ ನಾಡು ನಮ್ಮದು. ನೀರು ಬಂದ ವರ್ಷ ಜನಜಾತ್ರೆಯೇ ನೆರೆಯುತ್ತದೆ.

ಬೀಳುವ ನೀರನ್ನು ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ತೆಗೆದರೆ ಹನಿಹನಿಯೂ ಗಾಜಿನ ಚೂರಿನಂತೆ ಗಾಳಿಯಲ್ಲಿ ನಿಂತುಬಿಡುತ್ತದೆ. ನೀರಿನ ಸದ್ದು ಚಿತ್ರದಲ್ಲಿ ಕೇಳಿಸುವುದಿಲ್ಲ. ಸೆಕೆಂಡಿನ ಕಾಲು ಭಾಗ ಕಣ್ಣು ತೆರೆದಿದ್ದರೆ ಧಾರೆಗೆ ಎಳೆಗಳು ಮೂಡಿ ಅದರ ಬಲ ಕಾಣುತ್ತದೆ. ಒಂದು ಸೆಕೆಂಡಿಗೆ ರೇಷ್ಮೆಯಾಗುತ್ತದೆ. ಹತ್ತು ಸೆಕೆಂಡು ಬಿಟ್ಟರೆ ಹಾಲಿನ ಮಂಜು. ಈ ಹಾಲಿನ ಚಿತ್ರಗಳು ಈಗ ಬಹಳ ಜನಪ್ರಿಯ. ನಮ್ಮ ಮನಸ್ಸಿಗೆ ಮಾತ್ರ ಅವು ಒಗ್ಗಲಿಲ್ಲ. ಬೋರಿಯ ನೀರು ಕೆಂಪು, ಮಣ್ಣಿನ ವಾಸನೆಯುಳ್ಳದ್ದು. ಅದನ್ನು ಹಾಲು ಮಾಡಿ ತೋರಿಸುವುದೇತಕ್ಕೆ? ಕಾಲು ಸೆಕೆಂಡಿನ ಚಿತ್ರವೇ ಸತ್ಯಕ್ಕೆ ಹತ್ತಿರ ಎನಿಸಿತು. ಹಗಲಿನ ಬೆಳಕಿನಲ್ಲಿ ಇಷ್ಟು ನಿಧಾನಕ್ಕೆ ಹೋಗಲು ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರು ಹಾಕಬೇಕು. ಆರು ಮೆಟ್ಟಿಲ ಫಿಲ್ಟರು ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಸೆಕೆಂಡಿನ ಅರವತ್ತನೆಯ ಭಾಗ ಸಾಕಾಗುತ್ತಿದ್ದಲ್ಲಿ ಸುಮಾರು ಒಂದು ಸೆಕೆಂಡು ಬೇಕಾಗುತ್ತದೆ.

ಇಲ್ಲಿಯೇ ಎರಡು ಮುಕ್ಕಾಲಿಗಳ ಗುಣ ಬಯಲಾಯಿತು. ಕೋಟೆಯ ಎತ್ತರದ ಬುರುಜಿನ ಮೇಲೆ ಮಳೆಗಾಲದ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಐದು ಕೊಳವೆಯ ಕಾಲಿನ ಕೊನೆಯ ಕೊಳವೆ ನಮ್ಮ ಕಿರುಬೆರಳಿನಷ್ಟೂ ದಪ್ಪವಿರಲಿಲ್ಲ. ಮೇಲೆ ಕ್ಯಾಮೆರಾ ಕೂರಿಸಿ, ಹಿಂದಿನ ಪರದೆಯಲ್ಲಿ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿದರೆ ದೂರದ ಕಲ್ಲಿನ ಅಂಚು ತಂತಿಯಂತೆ ಮಿಡಿಯುತ್ತಿತ್ತು. ಕೊನೆಯ ಕೊಳವೆಗಳನ್ನು ಒಳಗೆ ಸೇರಿಸಿ ಗಿಡ್ಡ ಮಾಡಿದಾಗ ಮಿಡಿತ ನಿಂತಿತು. ಆದರೆ ನಾವು ಮೊಣಕಾಲೂರಿ ನೋಡಬೇಕಾಯಿತು. ನಾಲ್ಕು ಕೊಳವೆಯದು ಪೂರ್ತಿ ಎತ್ತರದಲ್ಲಿಯೂ ತಕ್ಕಮಟ್ಟಿಗೆ ನಿಂತಿತು. ಕಾಲಿನ ಭಾಗಗಳು ಹೆಚ್ಚಾದಷ್ಟೂ ಮಡಿಸಿದಾಗ ಚಿಕ್ಕದಾಗುತ್ತದೆ. ಅದರ ಬೆಲೆಯನ್ನು ಕೊನೆಯ ಕೊಳವೆ ತೆಳುವಾಗುವ ಮೂಲಕ ಕೊಡಬೇಕಾಗುತ್ತದೆ. ಪ್ರವಾಸದ ಮುಕ್ಕಾಲಿಯ ಇಡೀ ಶಾಸ್ತ್ರ ಈ ಒಂದು ಕೊಡುಕೊಳ್ಳುವಿಕೆಯಲ್ಲಿದೆ.

ಗಾಳಿಗೆ ಒಂದು ಉಪಾಯವುಂಟು. ಮುಕ್ಕಾಲಿಯ ನಡುಗಂಬದ ಕೆಳತುದಿಯಲ್ಲಿ ಹಲವರು ಒಂದು ಕೊಕ್ಕೆ ಕೊಟ್ಟಿರುತ್ತಾರೆ. ಅದಕ್ಕೆ ಚೀಲವನ್ನು ತೂಗುಹಾಕಿದರೆ ಭಾರ ಕೆಳಗಿಳಿದು ಮುಕ್ಕಾಲಿ ಗಟ್ಟಿಯಾಗುತ್ತದೆ. ನಾವು ನಮ್ಮ ಬುತ್ತಿಯ ಚೀಲವನ್ನೇ ಕಟ್ಟಿದೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು. ಚೀಲ ಗಾಳಿಗೆ ಓಲಾಡಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಅದರ ತಳ ನೆಲಕ್ಕೆ ಸ್ವಲ್ಪ ಸೋಕುವಂತಿರಬೇಕು. ನಡುಗಂಬವನ್ನು ಮೇಲಕ್ಕೆತ್ತುವುದು ಕೊನೆಯ ಉಪಾಯವಾಗಿರಲಿ; ಎತ್ತಿದ ಮೇಲೆ ಮೂರು ಕಾಲಿನ ಮೇಲೆ ಒಂದು ಕಾಲನ್ನು ನೆಟ್ಟಂತಾಗುತ್ತದೆ. ಇಳಿಜಾರಿನಲ್ಲಿ ಎರಡು ಕಾಲುಗಳು ತಗ್ಗಿನ ಕಡೆಗಿರಬೇಕು. ಗುಂಡಿಯನ್ನು ಬೆರಳಿನಿಂದ ಒತ್ತುವುದೂ ಒಂದು ಅಲುಗಾಟವೇ ಆದ್ದರಿಂದ ಎರಡು ಸೆಕೆಂಡಿನ ತಡೆಗಡಿಯಾರವನ್ನು ಇಟ್ಟು ಕೈ ಬಿಡಬೇಕು. ಲೆನ್ಸಿನೊಳಗೆ ನಡುಕ ತಡೆಯುವ ಯಂತ್ರವಿದ್ದರೆ, ವಿಶೇಷವಾಗಿ ಹಳೆಯ ಲೆನ್ಸುಗಳಲ್ಲಿ, ಅದನ್ನು ಆರಿಸುವುದು ಒಳಿತು. ಅಲುಗದ ಮುಕ್ಕಾಲಿಯ ಮೇಲೆ ಅದು ಇಲ್ಲದ ನಡುಕವನ್ನು ಹುಡುಕತೊಡಗುತ್ತದೆ.

ಕೋಟೆ ಕೊತ್ತಲಗಳಿಗೆ ಹೊರಡುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಅಡ್ಡಿಯಿಲ್ಲದಿದ್ದರೂ ಮುಕ್ಕಾಲಿ ಊರಲು ಮುಂಚಿತವಾಗಿ ಅಪ್ಪಣೆ ಪಡೆಯಬೇಕು. ಸೊಲ್ಲಾಪುರದ ಭುಯಿಕೋಟೆಗೂ ವಿಜಾಪುರದ ಗೋಳಗುಮ್ಮಟಕ್ಕೂ ಇದು ಅನ್ವಯಿಸುತ್ತದೆ. 1855ರಲ್ಲಿ ಬಿಗ್ಸ್ ಸಾಹೇಬನನ್ನು ಸರಕಾರವೇ ಕಳಿಸಿತ್ತು. ಇಂದು ಅವನು ಬಂದರೆ ಬಾಗಿಲಲ್ಲಿಯೇ ನಿಲ್ಲಬೇಕಾದೀತು! ಉಳಿದ ಕಡೆ, ಗುಡಿಯಾಗಲಿ ಕೋಟೆಯಾಗಲಿ, ಕಾವಲುಗಾರರನ್ನೋ ಪೂಜಾರಿಗಳನ್ನೋ ಮೊದಲು ಕೇಳಿಕೊಳ್ಳುವುದು ಮರ್ಯಾದೆ. ಗಿಡ್ಡ, ಹಗುರ ಮುಕ್ಕಾಲಿಗೆ ಇಲ್ಲೊಂದು ಅನುಕೂಲವಿದೆ: ದೊಡ್ಡದನ್ನು ಕಂಡರೆ ಸಿನೆಮಾ ತೆಗೆಯುವವರೆಂದು ಜನ ಅನುಮಾನಿಸುತ್ತಾರೆ, ಚಿಕ್ಕದನ್ನು ಕಂಡರೆ ಮಕ್ಕಳೊಂದಿಗರೆಂದು ಸುಮ್ಮನಾಗುತ್ತಾರೆ.

ನಮ್ಮ ಎರಡನೆಯ ಪ್ರಯಾಣ ದಕ್ಷಿಣಕ್ಕೆ, ಹತ್ತರಸಂಗ ಕೂಡಲಕ್ಕೆ. ಸೊಲ್ಲಾಪುರದಿಂದ 40 ಕಿಲೋಮೀಟರಿನ ಆಸುಪಾಸು. ಅಲ್ಲಿ ಸೀನಾ ನದಿ ಭೀಮೆಯನ್ನು ಕೂಡುತ್ತದೆ. ಆಚೆಯ ದಂಡೆ ವಿಜಾಪುರ ಜಿಲ್ಲೆ. ದಂಡೆಯ ಮೇಲೆ ನಿಂತರೆ ಎರಡೂ ಕಡೆಯ ಹೊಲಗಳಲ್ಲಿ ಒಂದೇ ಜೋಳ, ಒಂದೇ ಕಬ್ಬು, ಎತ್ತಿಗೆ ಕೂಗುವ ಮಾತೂ ಒಂದೇ. ಸಂಗಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಮಂಟಪದ ತೊಲೆಯ ಮೇಲೆ ಶಕ 940, ಅಂದರೆ ಕ್ರಿಸ್ತಶಕ 1018ರ ಶಾಸನವಿದೆ. ಮರಾಠಿ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲಿ ಅದರ ಒಂದು ಸಾಲನ್ನು ವಿದ್ವಾಂಸರು ಎಣಿಸುತ್ತಾರೆ. 1999ರಲ್ಲಿ ಇಲ್ಲಿ ಮಣ್ಣಿನಿಂದ ಹೊರಬಂದ ಶಿವಲಿಂಗವೊಂದರ ಮೈಮೇಲೆ 359 ಮುಖಗಳನ್ನು ಕೆತ್ತಲಾಗಿದೆ. ಅಂಥ ಇನ್ನೊಂದನ್ನು ನಾವು ಎಲ್ಲಿಯೂ ಕಂಡಿಲ್ಲ.

ಕನ್ನಡದ ಮಾತನ್ನೇ ಅಂಚಿನಲ್ಲಿಟ್ಟುಕೊಂಡು ಬಾಳುವ ನಮಗೆ ಮರಾಠಿಯ ಹಳೆಯ ಸಾಲು ನಮ್ಮ ನದಿಯ ದಂಡೆಯಲ್ಲಿಯೇ ಇರುವುದು ಒಂದು ಬಗೆಯ ಸಮಾಧಾನ. ಈ ಜಿಲ್ಲೆಯಲ್ಲಿ ಎಷ್ಟೋ ಊರುಗಳ ಗುಡಿಯ ಮುಂದೆ, ಅಗಸೆಯ ಬಳಿ, ಕೆರೆಯ ಏರಿಯ ಮೇಲೆ ಕನ್ನಡ ಶಾಸನಗಳು ನಿಂತಿವೆ. ಶ್ರೀನಿವಾಸ ರಿತ್ತಿಯವರೂ ಸೊಲ್ಲಾಪುರದ ಆನಂದ ಕುಂಭಾರರೂ ಹಳ್ಳಿಹಳ್ಳಿ ತಿರುಗಿ ಇಂಥವನ್ನು ಕಲೆಹಾಕಿ 1988ರಲ್ಲಿ ಗ್ರಂಥವಾಗಿ ಹೊರತಂದರು. ಪುಸ್ತಕದಲ್ಲಿ ಪಾಠ ಉಳಿಯಿತು. ಕಲ್ಲು ಉಳಿಯುವ ಭರವಸೆ ಯಾರದು? ಒಂದಕ್ಕೆ ಎಣ್ಣೆ ಕುಂಕುಮ, ಇನ್ನೊಂದಕ್ಕೆ ಸುಣ್ಣ, ಮತ್ತೊಂದಕ್ಕೆ ಬಣ್ಣದ ಪೇಂಟು, ಕೆಲವು ಹೊಸ ಗುಡಿಯ ತಳಪಾಯದಲ್ಲಿ ಮಾಯ. ಪ್ರತಿ ಕುಟುಂಬವೂ ತನ್ನ ಊರಿನ ಒಂದು ಕಲ್ಲಿನ ಚಿತ್ರವನ್ನು ಓದುವಂತೆ ತೆಗೆದಿಟ್ಟುಕೊಂಡರೆ ಅದು ಸಣ್ಣ ಕೆಲಸವಲ್ಲ. ನಮ್ಮ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿಯುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ. ಅಕ್ಷರ ಬಾರದ ಮಗುವೂ ಕಲ್ಲಿನ ಮೇಲಿನ ದುಂಡು ಅಕ್ಷರವನ್ನು ಬೆರಳಿನಿಂದ ತೋರಿಸಿ ‘ಇದು ನಮ್ಮದೇನು?’ ಎಂದು ಕೇಳಿದ್ದನ್ನು ನಾವು ಕಂಡಿದ್ದೇವೆ.

ಶಾಸನ ತೆಗೆಯುವ ಬಗೆ ಹೀಗೆ. ಎದುರಿನಿಂದ ಫ್ಲಾಷ್ ಹೊಡೆದರೆ ಅಕ್ಷರಗಳು ಸತ್ತುಹೋಗುತ್ತವೆ. ಕಲ್ಲು ಬರೀ ಬೂದಿಯ ಹಲಗೆಯಾಗುತ್ತದೆ. ಬೆಳಕು ಪಕ್ಕದಿಂದ, ಕಲ್ಲಿನ ಮೈಯನ್ನು ಸವರಿಕೊಂಡು ಬರಬೇಕು. ಆಗ ಪ್ರತಿಯೊಂದು ಗೀರಿಗೂ ನೆರಳು ಹುಟ್ಟುತ್ತದೆ. ಬಯಲಿನ ಕಲ್ಲಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಸಾಕು. ಗುಡಿಯ ಒಳಗಾದರೆ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಎಂಟು ಸೆಕೆಂಡು ಕಣ್ಣು ತೆರೆದಿಟ್ಟು, ಅಷ್ಟರಲ್ಲಿ ಕೈಬ್ಯಾಟರಿಯನ್ನು ಕಲ್ಲಿನ ಒಂದು ಮಗ್ಗುಲಿನಿಂದ ಮೇಲಿಂದ ಕೆಳಗೆ ನಿಧಾನವಾಗಿ ಆಡಿಸಬೇಕು. ಎರಡು ಕೈಗಳೂ ಬಿಡುವಾಗಿರಬೇಕಾದ ಕೆಲಸವಿದು; ಮುಕ್ಕಾಲಿಯಿಲ್ಲದೆ ನಡೆಯದು. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಹಿಟ್ಟು ತುಂಬುವುದು ಕೂಡದು. ಸಾವಿರ ವರ್ಷ ಬಾಳಿದ ಕಲ್ಲಿಗೆ ನಾವು ಗಾಯ ಮಾಡಿ ಬಂದಂತಾದೀತು.

ಕೂಡಲದ ತೊಲೆ ತಲೆಯ ಮೇಲಿದೆ, ಲಿಂಗ ನೆಲದ ಹತ್ತಿರವಿದೆ. ಒಂದಕ್ಕೆ ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಬೇಕು. ಇನ್ನೊಂದಕ್ಕೆ ಮೊಣಕಾಲಿನ ಕೆಳಗೆ ಇಳಿಸಬೇಕು. ಆದ್ದರಿಂದ ಮುಕ್ಕಾಲಿಯ ಕಾಲುಗಳು ಬೇರೆಬೇರೆ ಕೋನಗಳಲ್ಲಿ ಅಗಲವಾಗಿ ಚಾಚಿ ನಿಲ್ಲುವಂತಿರಬೇಕು, ನಡುಗಂಬ ಗಿಡ್ಡವಿರಬೇಕು ಅಥವಾ ಬಿಚ್ಚಿ ಬರುವಂತಿರಬೇಕು. ಮೇಲಿನ ತಲೆ ಗುಂಡಿನದಾದರೆ ಒಂದೇ ತಿರುಪಿನಲ್ಲಿ ಯಾವ ಕಡೆಗಾದರೂ ಹೊರಳುತ್ತದೆ; ಪ್ರವಾಸಕ್ಕೆ ಅದೇ ಲೇಸು. ಗುಂಡನ್ನು ಬಿಗಿದ ಮೇಲೆ ಕ್ಯಾಮೆರಾ ತುಸು ಕೂಡ ಜೋಲಬಾರದು. ಅಗ್ಗದ ತಲೆಗಳ ಕುಂದು ಮೊದಲು ಕಾಣುವುದು ಇಲ್ಲಿಯೇ. ಕ್ಯಾಮೆರಾದ ತಳಕ್ಕೆ ಹಾಕುವ ಪಟ್ಟಿ ಆರ್ಕಾ-ಸ್ವಿಸ್ ಮಾದರಿಯದಾಗಿದ್ದರೆ ಅದು ಕಳೆದುಹೋದರೂ ಬೇರೆ ತಯಾರಕರದು ಸಾಮಾನ್ಯವಾಗಿ ಕೂಡುತ್ತದೆ. ತನ್ನದೇ ವಿಚಿತ್ರ ಅಳತೆಯ ಪಟ್ಟಿಯುಳ್ಳ ಮುಕ್ಕಾಲಿಯನ್ನು ಕೊಂಡವರು ಪಟ್ಟಿ ಕಳೆದ ದಿನ ಮುಕ್ಕಾಲಿಯನ್ನೇ ಕಳೆದುಕೊಂಡಂತೆ.

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಬಂಧುಗಳ ವಾಡೆಯಿದೆ. ಕಲ್ಲು ಮಣ್ಣಿನ ಗೋಡೆ, ತೇಗದ ಕಂಬ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ನಾಲ್ವರು ಅಣ್ಣತಮ್ಮಂದಿರಲ್ಲಿ ಮನೆ ಪಾಲಾಗಿದೆ. ಸುಗ್ಗಿ ಮುಗಿದ ಮೇಲೆ ಕೆಡವುವುದೆಂದು ನಿಶ್ಚಯವಾಗಿತ್ತು. ಪುಣೆಯಿಂದ, ಕಲಬುರ್ಗಿಯಿಂದ ಎಲ್ಲರೂ ಕೂಡಿದ ಒಂದು ದಿನ ಅವರು ನಮ್ಮನ್ನು ಚಿತ್ರ ತೆಗೆಯಲು ಕರೆದರು. ಪಡಸಾಲೆಯೊಳಗೆ ಬೆಳಕಿಂಡಿಯಿಂದ ಬೀಳುವ ಬೆಳಕು ಬಿಟ್ಟರೆ ಬೇರೆಯಿಲ್ಲ. ಹೊರಗೆ ಅಂಗಳದಲ್ಲಿ ಕೂರಿಸಿದ್ದರೆ ಕೆಲಸ ಸುಲಭವಿತ್ತು. ಆದರೆ ಮನೆಯ ಹಿರಿಯ ಅಜ್ಜಿ ಒಪ್ಪಲಿಲ್ಲ. ‘ಅಂಗಳ ಎಲ್ಲಿಗೂ ಹೋಗಂಗಿಲ್ಲ ತಮ್ಮಾ, ಕಂಬ ಹೊಕ್ಕಾವ. ಕಂಬದ ಬುಡಕ ತಗೀರಿ’ ಎಂದರು.

ಮೂವತ್ತೆರಡು ಜನ ಕಂಬಗಳ ನಡುವೆ ಕುಳಿತರು. ಮುಕ್ಕಾಲಿಯನ್ನು ಬಾಗಿಲ ಹೊಸ್ತಿಲಿನಾಚೆ, ಎದೆಯೆತ್ತರಕ್ಕೆ ನಿಲ್ಲಿಸಿದೆವು. ಎಲ್ಲರ ಮುಖವೂ ಸ್ಪಷ್ಟವಾಗಬೇಕೆಂದು ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿದಾಗ ಅರ್ಧ ಸೆಕೆಂಡು ಬೇಕೆಂದು ಕ್ಯಾಮೆರಾ ಹೇಳಿತು. ಅರ್ಧ ಸೆಕೆಂಡು ಅಲುಗದೆ ಇರಬೇಕೆಂದು ಎಲ್ಲರಿಗೂ ತಿಳಿಸಿದೆವು. ಅಜ್ಜಿ ನಕ್ಕು, ‘ನಮ್ಮ ಲಗ್ನದಾಗ ಕರೇ ಅರಿವಿ ಹೊತಗೊಂಡು ತಗದಿದ್ದರು. ಆಗ ಇದಕ್ಕಿಂತ ಜಾಸ್ತಿ ಹೊತ್ತು ಉಸರ ಹಿಡಕೊಂಡು ಕುಂತಿದ್ದಿವಿ’ ಎಂದರು. ಆ ಮನೆಯಲ್ಲಿ ಮೂವತ್ತು ವರ್ಷಗಳಿಂದ ಫೋಟೋ ತೆಗೆಯುತ್ತಿದ್ದವರು ಎರಡನೆಯ ಮಗ. ಹಳೆಯ ಆಲ್ಬಮ್ಮುಗಳನ್ನೆಲ್ಲ ತೆರೆದರೂ ಅವರ ಮುಖವೊಂದು ಸಿಗಲಿಲ್ಲ, ಲಗ್ನದ ಗುಂಪುಚಿತ್ರದಲ್ಲಿಯೂ ಇಲ್ಲ. ಮನೆಯ ಚಿತ್ರಗಾರನ ಹಣೆಬರಹವೇ ಇದು. ಹತ್ತು ಸೆಕೆಂಡಿನ ತಡೆಗಡಿಯಾರವಿಟ್ಟು ಅವರನ್ನೂ ತಾಯಿಯ ಬಲಕ್ಕೆ ಕೂರಿಸಿದೆವು. ನಾಲ್ಕು ಸಲ ತೆಗೆದೆವು. ಎರಡರಲ್ಲಿ ಮಕ್ಕಳು ಅಲುಗಿ ಹೊಗೆಯಾದರು, ಒಂದರಲ್ಲಿ ಯಾರೋ ಕೆಮ್ಮಿದರು, ಒಂದು ಸರಿಬಂತು. ಆ ವಾಡೆ ಈಗಿಲ್ಲ. ನಾಲ್ಕು ಮನೆಗಳಲ್ಲಿಯೂ ಒಂದೊಂದು ಪ್ರತಿ ಗೋಡೆಗಿದೆ.

ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಸೊಲ್ಲಾಪುರದವರು ಕೋಪಿಸಿಕೊಂಡಾರು. ಸಂಕ್ರಾಂತಿಯ ಸುತ್ತಿನ ಆ ದಿನಗಳಲ್ಲಿ ಏಳು ನಂದಿಕೋಲುಗಳು ಬೀದಿಗಿಳಿದಾಗ ಮುಕ್ಕಾಲಿ ಮನೆಯಲ್ಲಿರಲಿ. ಆ ಜನಸಾಗರದಲ್ಲಿ ಮೂರು ಕಾಲು ಚಾಚಿ ನಿಲ್ಲುವುದು ತಮಗೂ ಅಪಾಯ, ಎದುರು ಬರುವವರಿಗೂ ಅಪಾಯ. ಮಾಳಿಗೆಯನ್ನು ಮೀರುವ ನಂದಿಕೋಲನ್ನು ಒಬ್ಬನೇ ಭಕ್ತ ನಡುಪಟ್ಟಿಯ ಮೇಲೆ ಊರಿ, ಓಲಾಡದಂತೆ ಹೊತ್ತು ನಡೆಯುವುದನ್ನು ಕಂಡಾಗ ಒಂಟಿಗಾಲಿನ ಸ್ಥಿರತೆಯೆಂದರೇನೆಂಬುದು ಕಣ್ಣಿಗೆ ಕಟ್ಟುತ್ತದೆ. ಕೆಲವು ಮುಕ್ಕಾಲಿಗಳ ಒಂದು ಕಾಲನ್ನು ಬಿಚ್ಚಿ ಒಂಟಿಗೋಲು ಮಾಡಿಕೊಳ್ಳುವ ವ್ಯವಸ್ಥೆಯಿದೆ. ಅಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಮದ್ದು ಸುಡುವ ರಾತ್ರಿ ಮಾತ್ರ ದೂರದ ಗೆಳೆಯರ ಮಾಳಿಗೆಯ ಮೇಲೆ ಮುಕ್ಕಾಲಿ ಊರಿ, ಐ.ಎಸ್.ಓ. 100ಕ್ಕೆ ಇಳಿಸಿ, ಎಫ್ 11ರಲ್ಲಿ ಮೂರುನಾಲ್ಕು ಸೆಕೆಂಡು ಬಿಟ್ಟರೆ ಬಾಣದ ಇಡೀ ಹಾದಿ ಹೂವಾಗಿ ಮೂಡುತ್ತದೆ. ಕೆರೆಯ ನಡುವಿನ ಗುಡಿ ದೀಪಗಳೊಡನೆ ನೀರಿನಲ್ಲಿ ತಲೆಕೆಳಗಾಗಿ ಕಾಣುವ ನೋಟಕ್ಕೂ ಇದೇ ಮಾರ್ಗ.

ಇನ್ನು ಕೊಳ್ಳುವ ಮಾತು. ಇಟಲಿಯ ಮ್ಯಾನ್‌ಫ್ರೊಟ್ಟೊ, ಫ್ರಾನ್ಸಿನಲ್ಲಿ ಹುಟ್ಟಿದ ಗಿಟ್ಜೊ, ಚೀನದ ಬೆನ್ರೊ ಮತ್ತು ಸಿರುಯಿ, ಅಮೆರಿಕದ ಪೀಕ್ ಡಿಸೈನ್, ಹೀಗೆ ಹೆಸರುಗಳು ಹಲವು. ಕಾರ್ಬನ್ ನಾರಿನ ಮುಕ್ಕಾಲಿಯನ್ನು ಗಿಟ್ಜೊ 1994ರಲ್ಲಿಯೇ ಹೊರತಂದಿತು. ಪೀಕ್ ಡಿಸೈನ್ 2019ರಲ್ಲಿ ತಂದ ಪ್ರವಾಸದ ಮುಕ್ಕಾಲಿ ಕಾಲುಗಳ ನಡುವಿನ ಪೊಳ್ಳನ್ನು ಉಳಿಸದೆ ಮಡಚಿಕೊಳ್ಳುತ್ತದೆ. ಮಡಿಸಿದರೆ 39 ಸೆಂಟಿಮೀಟರು, ಕಾರ್ಬನ್ನಿನದು 1.27 ಕಿಲೋ, ಅಲ್ಯುಮಿನಿಯಮ್ಮಿನದು 1.56 ಕಿಲೋ. ನೋಡಲು ಬಲು ಸೊಗಸು, ಬೆಲೆಯೂ ಅದಕ್ಕೆ ತಕ್ಕಂತೆ. ಕಾಲಿಗೆ ಐದು ಕೊಳವೆಯೆಂಬುದನ್ನು ಮರೆಯಬಾರದು. ಇಷ್ಟು ಕಿಲೋ ಭಾರ ತಡೆಯುತ್ತದೆ ಎಂದು ತಯಾರಕರು ಬರೆಯುವ ಸಂಖ್ಯೆಗಳಿಗೆ ಎಲ್ಲರಿಗೂ ಸಮ್ಮತವಾದ ಒಂದು ಅಳತೆಗೋಲಿಲ್ಲ. ತಮ್ಮ ಕ್ಯಾಮೆರಾ ಮತ್ತು ಲೆನ್ಸಿನ ತೂಕದ ಮೂರು ಪಟ್ಟನ್ನಾದರೂ ನೋಡಿಕೊಳ್ಳಬೇಕು. ಮೊಬೈಲು ಮಾತ್ರವುಳ್ಳವರಿಗೆ ಗೇಣುದ್ದದ ಮೇಜಿನ ಮುಕ್ಕಾಲಿಯೂ ಒಂದು ಹಿಡಿಕೆಯೂ ಸಾಕು. ಕಟ್ಟೆಯೋ ಕಿಟಕಿಯೋ ಉಳಿದ ಎತ್ತರವನ್ನು ಕೊಡುತ್ತದೆ.

ಅಂಗಡಿಗೆ ಹೋಗುವಾಗ ತಮ್ಮ ಕ್ಯಾಮೆರಾವನ್ನು ಜೊತೆಗೊಯ್ಯಿರಿ. ನಡುಗಂಬವನ್ನು ಎತ್ತದೆ ಕಾಲುಗಳನ್ನು ಮಾತ್ರ ಪೂರ್ತಿ ಎಳೆಯಿರಿ. ಕ್ಯಾಮೆರಾದ ಕಣ್ಣು ನಿಮ್ಮ ಗದ್ದದ ಮಟ್ಟಕ್ಕೆ ಬಂದರೆ ಎತ್ತರ ಸಾಕು. ಮೇಲಿನಿಂದ ಅಂಗೈ ಊರಿ ಒತ್ತಿ, ಬುಗುರಿಯಂತೆ ತಿರುವಲು ನೋಡಿ. ಕಾಲು ಬಾಗಬಹುದು, ಕೀಲು ಸಡಿಲವಾಗಬಾರದು. ಕಾಲಿಗೆ ಬೆರಳಿನಿಂದ ತಟ್ಟಿ, ಹಿಗ್ಗಿಸಿದ ಚಿತ್ರದ ಅಲುಗಾಟ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಎಣಿಸಿ. ಎರಡು ಎಣಿಸುವುದರೊಳಗೆ ನಿಂತರೆ ಒಳ್ಳೆಯದು.

ನಾವು ಕೊನೆಗೆ ಅಲ್ಯುಮಿನಿಯಮ್ಮಿನ ನಾಲ್ಕು ಕೊಳವೆಯದನ್ನೇ ಕೊಂಡೆವು, ಎರವಲು ತಂದದ್ದಕ್ಕಿಂತ ತುಸು ಹಗುರವಾದದ್ದು. ಕಾಲುಗಳು ಹಿಂದಕ್ಕೆ ಮಡಚಿ ತಲೆಯನ್ನು ಅಪ್ಪಿಕೊಳ್ಳುವುದರಿಂದ 42 ಸೆಂಟಿಮೀಟರಿಗೆ ಇಳಿಯುತ್ತದೆ, ಬಸ್ಸಿನಲ್ಲಿ ಯಾರ ಮೊಣಕಾಲಿಗೂ ಬಡಿಯುವುದಿಲ್ಲ. ಕಾರ್ಬನ್ನಿನದಕ್ಕಿಂತ 300 ಗ್ರಾಮು ಹೆಚ್ಚು. ಒಂದು ಚಿಕ್ಕ ತಂಬಿಗೆ ನೀರಿನಷ್ಟೂ ಅಲ್ಲ. ಬೆಟ್ಟ ಹತ್ತುವವರಿಗೆ, ದಿನವಿಡೀ ನಡೆಯುವವರಿಗೆ ಆ 300 ಗ್ರಾಮಿಗೆ ದುಡ್ಡು ಸುರಿಯುವುದು ನ್ಯಾಯ. ಕಾರ್ಬನ್ ನಡುಕವನ್ನೂ ಬೇಗ ನುಂಗುತ್ತದೆ, ನಿಜ. ಆದರೆ ಚೂಪುಕಲ್ಲಿನ ಹೊಡೆತಕ್ಕೆ ಸೀಳುತ್ತದೆ, ಅಲ್ಯುಮಿನಿಯಮ್ ತಗ್ಗು ಬಿದ್ದು ಸುಮ್ಮನಾಗುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಬಸ್ಸಿಳಿದು ಅರ್ಧ ಮೈಲು ನಡೆಯುವವರಿಗೆ ಉಳಿದ ಹಣ ಇನ್ನೆರಡು ಪ್ರಯಾಣಗಳಾಗುತ್ತದೆ. ಬಿಗಿಯುವ ಬಗೆಯಲ್ಲಿಯೂ ನಮ್ಮ ಒಲವು ಚಿಲಕದಂತೆ ಮಡಚುವ ಬೀಗಕ್ಕೆ. ಮುಚ್ಚಿದೆಯೋ ತೆರೆದಿದೆಯೋ ದೂರದಿಂದಲೇ ತಿಳಿಯುತ್ತದೆ. ತಿರುವುವ ಬೀಗ ನೋಡಲು ನಯ, ಆದರೆ ಅದರ ಎಳೆಗಳಲ್ಲಿ ಮರಳು ಸೇರಿದರೆ ಹಲ್ಲು ಕಡಿಯುವ ಸದ್ದು.

ಭೀಮೆಯ ದಂಡೆಯಲ್ಲಿ ಮುಕ್ಕಾಲಿ ಊರಿ ಬಂದ ದಿನ ಎಷ್ಟೇ ದಣಿವಾಗಿದ್ದರೂ ಅದನ್ನು ಹಾಗೆಯೇ ಮೂಲೆಗೆ ಒರಗಿಸಬಾರದು. ಕಾಲುಗಳನ್ನು ಪೂರ್ತಿ ಎಳೆದು, ಸಿಹಿನೀರಿನಲ್ಲಿ ಒರೆಸಿ, ಬೀಗಗಳ ಸಂದಿಯ ಎರಿ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಎಣ್ಣೆ ಹಚ್ಚದೆ ನೆರಳಿನಲ್ಲಿ ಒಣಗಿಸಬೇಕು. ಎಣ್ಣೆ ಧೂಳನ್ನು ಕರೆಯುತ್ತದೆ. ಎರಿ ಮಣ್ಣು ಒಂದು ಸಲ ಒಣಗಿ ಕೂತಿತೆಂದರೆ ಕೊಳವೆಯನ್ನು ಎಳೆಯಲು ಇಬ್ಬರು ಬೇಕು.